ಮಾರಾಟ ನಿಂತಿದೆ, ಬೆಲೆ ಇಳಿಸಬೇಕೆ?

ಪ್ರಶ್ನೆ: ದಾವಣಗೆರೆಯಲ್ಲಿ ಶೇಂಗಾ ಚಟ್ನಿಪುಡಿ ಮಾಡಿ ಅಂಗಡಿಗಳಿಗೆ ಕೊಡುತ್ತಿದ್ದೇವೆ. ಮೊದಲೆರಡು ವರ್ಷ ಮಾರಾಟ ಚೆನ್ನಾಗಿ ಏರಿತು, ಎಂಟು ತಿಂಗಳಿಂದ ನಿಂತಲ್ಲೇ ನಿಂತಿದೆ. ಬೆಲೆ 5 ರೂಪಾಯಿ ಇಳಿಸಿ ಎನ್ನುತ್ತಾರೆ ಡಿಸ್ಟ್ರಿಬ್ಯೂಟರ್. ನಮಗೆ ಹೊಸ ರುಚಿ ತರುವ ಆಸೆ. ಯಾವುದು ಸರಿ?

ಉತ್ತರ: ಎರಡಕ್ಕೂ ಮೊದಲು ಎಣಿಕೆ ಆಗಲಿ. ಡಿಸ್ಟ್ರಿಬ್ಯೂಟರಿಗೆ ಕಳಿಸಿದ್ದೆಲ್ಲ ಮಾರಾಟವಲ್ಲ. 20 ಅಂಗಡಿ ಆರಿಸಿ, ಆರು ವಾರ, ಪ್ರತಿ ಸೋಮವಾರ ಪ್ಯಾಕೆಟ್ ಎಣಿಸಿ. ಹಿಂದಿನ ವಾರದ ಸ್ಟಾಕಿಗೆ ಹೊಸದಾಗಿ ಕೊಟ್ಟದ್ದನ್ನು ಕೂಡಿಸಿ, ಇಂದಿನ ಸ್ಟಾಕ್ ಮತ್ತು ವಾಪಸ್ ಬಂದದ್ದನ್ನು ಕಳೆಯಿರಿ. ಉಳಿದದ್ದೇ ಗಿರಾಕಿ ಒಯ್ದ ಮಾಲು.

ಒಂದೊಂದು ಅಂಗಡಿಯ ಮಾರಾಟ ಮೊದಲಿನಷ್ಟೇ ಇದ್ದರೆ ಪದಾರ್ಥಕ್ಕೇನೂ ವಯಸ್ಸಾಗಿಲ್ಲ, ನಿಮ್ಮ ಊರು ಮುಗಿದಿದೆ ಅಷ್ಟೆ. ಹರಿಹರ, ಚಿತ್ರದುರ್ಗದ ಕಡೆ ಹೊರಡಿ. ಅಂಗಡಿಗಳು ಹೆಚ್ಚಾಗಿ, ಪ್ರತಿ ಅಂಗಡಿಯ ಮಾರಾಟ ಇಳಿಯುತ್ತಿದ್ದರೆ ಚಿಂತಿಸಬೇಕು. ಆಗ ಅಂಗಡಿಯಲ್ಲಿರುವ ಅತಿ ಹಳೆಯ ಪ್ಯಾಕೆಟ್ ಒಡೆದು ಮೂಸಿ ನೋಡಿ. ತೆಳು ಕವರಿನಲ್ಲಿ ಗಾಳಿಯಾಡಿ ಶೇಂಗಾದ ಎಣ್ಣೆ ಕಮಟಾಗುತ್ತದೆ. ಒಮ್ಮೆ ಒಯ್ದವರು ಮತ್ತೆ ಕೇಳುವುದಿಲ್ಲ. ಇದು ಕವರಿನ ದೋಷ, ಜಾಹೀರಾತಿನಿಂದ ಸರಿಹೋಗುವಂಥದ್ದಲ್ಲ.

ಬೆಲೆಯ ಮಾತು. ಉದಾಹರಣೆಗೆ, ಪ್ಯಾಕೆಟ್ಟಿಗೆ ನಿಮ್ಮ ಖರ್ಚು 42, ಡಿಸ್ಟ್ರಿಬ್ಯೂಟರಿಗೆ ಕೊಡುವುದು 56 ಎಂದಿಟ್ಟುಕೊಳ್ಳಿ. ಉಳಿಯುವುದು 14. ಐದು ಇಳಿಸಿದರೆ 9. ಮೊದಲಿನಷ್ಟೇ ಲಾಭ ಬರಬೇಕಾದರೆ 100 ಪ್ಯಾಕೆಟ್ ಹೋಗುತ್ತಿದ್ದಲ್ಲಿ 156 ಹೋಗಬೇಕು. ಹತ್ತಕ್ಕೊಂದು ಉಚಿತ ಸ್ಕೀಮ್ ಕೂಡ ಮೋಸದ್ದೇ: ಅಂಗಡಿಯವರು ಈ ತಿಂಗಳು ತುಂಬಿಸಿಕೊಂಡು ಮುಂದಿನ ತಿಂಗಳು ಆರ್ಡರನ್ನೇ ಕೊಡುವುದಿಲ್ಲ.

ರುಚಿ ತರುವುದಾದರೆ ಒಂದೇ ತನ್ನಿ, ಗುರೆಳ್ಳು ಅಥವಾ ಅಗಸೆ. ಮೂರು ತಂದರೂ ಅಂಗಡಿಯವರು ಜಾಗ ಹೆಚ್ಚಿಸುವುದಿಲ್ಲ, ಇದ್ದದ್ದನ್ನೇ ಹಂಚುತ್ತಾರೆ. ಅದಕ್ಕಿಂತ ಖಾನಾವಳಿಗಳಿಗೆ 1 ಕಿಲೋ ಪ್ಯಾಕ್, ಒಬ್ಬಂಟಿ ರೂಮಿನವರಿಗೆ 10 ರೂಪಾಯಿಯದು ಮಾಡಿ. ಅದೇ ಪುಡಿ, ಹೊಸ ಗಿರಾಕಿ.

ಪ್ರಶ್ನೆ: ಪ್ರತಿ ಉತ್ಪನ್ನಕ್ಕೂ ಹುಟ್ಟು, ಬೆಳವಣಿಗೆ, ಇಳಿಗಾಲ ಇದೆ ಎನ್ನುತ್ತಾರೆ. ಹಾಗಾದರೆ ನೂರು ವರ್ಷ ದಾಟಿದ ಮೈಸೂರು ಸ್ಯಾಂಡಲ್ ಸೋಪು ಇನ್ನೂ ಹೇಗಿದೆ?

ಉತ್ತರ: ಮುಪ್ಪು ಬರುವುದು ಹೆಚ್ಚಾಗಿ ಪದಾರ್ಥದ ರೂಪಕ್ಕೆ, ಹೆಸರಿಗಲ್ಲ. ಮೈಗೆ ಸೋಪು ಹಚ್ಚುವ ರೂಢಿ ಹೋಗಿಲ್ಲ. ಶ್ರೀಗಂಧದೆಣ್ಣೆಯ ಗುರುತು ಉಳಿಸಿಕೊಂಡೇ ಮೇಲ್ದರ್ಜೆಯ ಸೋಪುಗಳೂ ಬಂದವು. ಕೀಲಿ ಕೊಡುವ ಕೈಗಡಿಯಾರದ ಕಥೆ ಬೇರೆ. ಕೇಂದ್ರ ಸರ್ಕಾರದ ಕಂಪನಿ ಎಚ್‌ಎಂಟಿ 1961ರಲ್ಲಿ ಬೆಂಗಳೂರಿನಲ್ಲಿ ಗಡಿಯಾರ ಶುರುಮಾಡಿ ದೇಶದ ಕೈಗೆಲ್ಲ ಕಟ್ಟಿತು. ಟೈಟಾನ್ 1987ರಲ್ಲಿ ಬ್ಯಾಟರಿಯಿಂದ ನಡೆಯುವ ಕ್ವಾರ್ಟ್ಜ್ ಗಡಿಯಾರವನ್ನು ಒಡವೆಯಂತೆ ಶೋರೂಮಿನಲ್ಲಿಟ್ಟು ಮಾರಿತು. ಎಚ್‌ಎಂಟಿಗೂ ಕ್ವಾರ್ಟ್ಜ್ ಗೊತ್ತಿತ್ತು. ಸೋತದ್ದು ಯಂತ್ರದಲ್ಲಿ ಅನ್ನುವುದಕ್ಕಿಂತ ವಿನ್ಯಾಸದಲ್ಲಿ, ಅಂಗಡಿಯಲ್ಲಿ ಅನ್ನಬೇಕು. ಎಚ್‌ಎಂಟಿಯ ಗಡಿಯಾರ ಕಂಪನಿಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸಂಪುಟ ಒಪ್ಪಿತು.