ಹಿರಿಯ ಹುದ್ದೆಗೆ ಬಂದ ಮೇಲೂ ‘ನಾನು ಇದಕ್ಕೆ ಯೋಗ್ಯನಲ್ಲ’ ಅನ್ನಿಸುತ್ತದೆ. ಇಂಪೋಸ್ಟರ್ ಸಿಂಡ್ರೋಮ್‌ನಿಂದ ಹೊರಬರುವುದು ಹೇಗೆ?

ಇದು ಕಾಯಿಲೆಯಲ್ಲ, ಸಾಧನೆಯಿದ್ದರೂ ತನ್ನ ಯೋಗ್ಯತೆಯನ್ನೇ ಅನುಮಾನಿಸುವ ಮನಸ್ಥಿತಿ. 1978ರಲ್ಲಿ ಮನಶ್ಶಾಸ್ತ್ರಜ್ಞೆಯರಾದ ಪಾಲಿನ್ ಕ್ಲಾನ್ಸ್ ಮತ್ತು ಸುಜಾನ್ ಐಮ್ಸ್ ಇದನ್ನು ಸಾಧಕ ಮಹಿಳೆಯರಲ್ಲಿ ಗುರುತಿಸಿ ಬರೆದರು. ಪುರುಷರಲ್ಲೂ ಇದೆ ಎಂಬುದು ಆಮೇಲಿನ ಅಧ್ಯಯನಗಳಲ್ಲಿ ಕಂಡುಬಂತು.

ಹುದ್ದೆ ಏರಿದಂತೆ ಕೆಲವರಲ್ಲಿ ಇದು ಹೆಚ್ಚಾಗಬಹುದು, ಅದಕ್ಕೆ ಕಾರಣವಿದೆ. ಮೊದಲು ನೀವು ಮಾಡಿದ ಕೆಲಸ ಕಣ್ಣಿಗೆ ಕಾಣುತ್ತಿತ್ತು. ಈಗ ಅರೆಬರೆ ಮಾಹಿತಿ ಇಟ್ಟುಕೊಂಡು ತೀರ್ಮಾನ ಕೊಡುವುದೇ ಕೆಲಸ. ಅದು ಸರಿಯೋ ತಪ್ಪೋ ತಿಳಿಯಲು ವರ್ಷಗಳೇ ಹಿಡಿಯಬಹುದು. ಜೊತೆಗೆ, ಮುಖಕ್ಕೆ ನೇರವಾಗಿ ಹೇಳುವವರು ಕಡಿಮೆಯಾಗುತ್ತಾರೆ. ಆ ಮೌನವನ್ನು ಅನುಮಾನ ತುಂಬಿಕೊಳ್ಳುತ್ತದೆ. ಅನುಮಾನ ಮುಚ್ಚಲು ವಿಪರೀತ ತಯಾರಿ ಮಾಡುತ್ತೀರಿ, ಗೆದ್ದರೆ ‘ಅಷ್ಟು ಒದ್ದಾಡಿದ್ದಕ್ಕೆ ಆಯಿತು’ ಎಂದುಕೊಳ್ಳುತ್ತೀರಿ. ಗೆಲುವು ನಿಮ್ಮ ಖಾತೆಗೆ ಬರುವುದೇ ಇಲ್ಲ.

ನನ್ನ ಮಟ್ಟಿಗೆ ಅತ್ಯಂತ ಉಪಯುಕ್ತ ಅಭ್ಯಾಸವೆಂದರೆ ತೀರ್ಮಾನಗಳ ದಾಖಲೆ. ದೊಡ್ಡ ನಿರ್ಧಾರ ಮಾಡಿದ ದಿನವೇ, ಆಗ ಏನು ಗೊತ್ತಿತ್ತು, ಏನು ಗೊತ್ತಿರಲಿಲ್ಲ, ಏಕೆ ಹೀಗೆ ಮಾಡಿದಿರಿ ಎಂದು ನಾಲ್ಕು ಸಾಲು ಬರೆದಿಡಿ. ಆರು ತಿಂಗಳ ನಂತರ ಓದಿ. ನೆನಪು ಸೋಲುಗಳನ್ನೇ ಹೆಕ್ಕುತ್ತದೆ. ಬರಹ ಹಾಗೆ ಮಾಡುವುದಿಲ್ಲ.

ತಂಡದವರನ್ನು ‘ನಾನು ಹೇಗೆ ಕೆಲಸ ಮಾಡುತ್ತಿದ್ದೇನೆ?’ ಎಂದು ಕೇಳಬೇಡಿ, ಹೊಗಳಿಕೆಯಷ್ಟೇ ಸಿಗುತ್ತದೆ. ‘ನಿನ್ನೆಯ ಸಭೆಯಲ್ಲಿ ನಾನು ಯಾವುದನ್ನು ಬೇರೆ ರೀತಿ ಮಾಡಬಹುದಿತ್ತು?’ ಎಂದು ಕೇಳಿ. ನಿಮ್ಮಷ್ಟೇ ಹಿರಿಯರಾದ, ಬೇರೆ ಸಂಸ್ಥೆಯ ಒಬ್ಬರೊಂದಿಗೆ ಮನಬಿಚ್ಚಿ ಮಾತಾಡಿ.

ಕೆಲವೊಮ್ಮೆ ಕೊರತೆ ನಿಜವೇ ಇರುತ್ತದೆ, ಉದಾಹರಣೆಗೆ ಹಣಕಾಸಿನ ಲೆಕ್ಕ ಅರ್ಥವಾಗದಿರುವುದು. ಅದನ್ನು ಕಲಿಯಿರಿ. ಸಭೆಯಲ್ಲಿ ಸದಾ ನಿಮ್ಮ ಮಾತನ್ನೇ ಕತ್ತರಿಸುತ್ತಿದ್ದರೆ ಸರಿಹೋಗಬೇಕಾದ್ದು ಆ ಸಭೆ, ನೀವಲ್ಲ. ನಿದ್ರೆಯೇ ಕೆಡುತ್ತಿದ್ದರೆ ತಡಮಾಡದೆ ಆಪ್ತಸಮಾಲೋಚಕರನ್ನು ಕಾಣಿ.