ಬದಲಿ ಮಂಡಿಗೆ ಸೋಂಕು ತಗುಲಿದೆಯೇ ಎಂದು ರಕ್ತ ಪರೀಕ್ಷೆಯಲ್ಲೇ ತಿಳಿಯುತ್ತದೆಯೇ?

ಅಮ್ಮನಿಗೆ ಮಂಡಿ ಕೀಲು ಬದಲಾಯಿಸಿ ಎರಡು ವರ್ಷ, ಈಗ ತೋಟದ ಇಳಿಜಾರು ಇಳಿಯುವಾಗ ನೋವು, ಮಂಡಿ ಮುಟ್ಟಿದರೆ ಬಿಸಿ. ಸೋಮವಾರಪೇಟೆಯಲ್ಲೇ ರಕ್ತ ಪರೀಕ್ಷೆ ಮಾಡಿಸಿದರೆ ಸಾಕೇ, ಮೈಸೂರಿಗೆ ಹೋಗಲೇಬೇಕೇ ಎಂದು ಕೇಳಿದ್ದೀರಿ. ಪರೀಕ್ಷೆ ಇಲ್ಲೇ ಮಾಡಿಸಿ, ಆದರೆ ಅಷ್ಟಕ್ಕೇ ನಿಲ್ಲಿಸಬೇಡಿ.

ಮಾಡಿಸಬೇಕಾದದ್ದು ಸಿಆರ್‌ಪಿ (ಉರಿಯೂತ ಇದ್ದಾಗ ರಕ್ತದಲ್ಲಿ ಏರುವ ಒಂದು ಪ್ರೋಟೀನ್) ಮತ್ತು ಇಎಸ್‌ಆರ್. ಇಎಸ್‌ಆರ್‌ಗೆ ರಕ್ತವನ್ನು ಸಪೂರ ಕೊಳವೆಯಲ್ಲಿ ನೆಟ್ಟಗೆ ನಿಲ್ಲಿಸಿ, ಒಂದು ಗಂಟೆಯಲ್ಲಿ ಕೆಂಪುಕಣಗಳು ಎಷ್ಟು ಮಿಲಿಮೀಟರ್ ಕೆಳಗಿಳಿದವು ಎಂದು ನೋಡುತ್ತಾರೆ. ಆಪರೇಷನ್ ಆಗಿ ಬಹಳ ದಿನವಾದವರಲ್ಲಿ ಸಿಆರ್‌ಪಿ ಲೀಟರಿಗೆ 10 ಮಿಲಿಗ್ರಾಂ, ಇಎಸ್‌ಆರ್ 30 ದಾಟಿದರೆ ಸಂಶಯ ಪಡಬೇಕು. ಸಂಶಯ ಮಾತ್ರ. ಮೈಯಲ್ಲಿ ಎಲ್ಲೋ ಉರಿಯೂತ ಇದೆ ಎಂದಷ್ಟೇ ಇವು ಹೇಳುತ್ತವೆ. ಮಳೆಗಾಲದಲ್ಲಿ ಜಿಗಣೆ ಕಚ್ಚಿದ ಜಾಗ ಕೀವಾದರೂ ಏರಬಹುದು, ಸಂಧಿವಾತ ಇದ್ದರೂ ಏರುತ್ತವೆ. ನಿಧಾನವಾಗಿ ಬೆಳೆಯುವ ಬ್ಯಾಕ್ಟೀರಿಯಾ ಆದರೆ ಸೋಂಕಿದ್ದೂ ರಿಪೋರ್ಟ್ ನಾರ್ಮಲ್ ಬರಬಹುದು; ನನಗೆ ಹೆಚ್ಚು ಭಯ ಇದರದ್ದೇ.

ಹಾಗಾಗಿ ಆಪರೇಷನ್ ಮಾಡಿದ ಡಾಕ್ಟರರು ಸೂಜಿ ಹಾಕಿ ಮಂಡಿಯ ನೀರು ತೆಗೆದು ಬಿಳಿಕಣ ಎಣಿಸಿ, ಕಲ್ಚರ್‌ಗೆ, ಅಂದರೆ ಅದರಲ್ಲಿ ರೋಗಾಣು ಬೆಳೆಯುತ್ತದೆಯೇ ಎಂದು ನೋಡಲು, ಇಡಬೇಕಾಗುತ್ತದೆ. ಕಲ್ಚರ್ ಕೆಲವೊಮ್ಮೆ 14 ದಿನ ಹಿಡಿಯುತ್ತದೆ. ದಯವಿಟ್ಟು ಅದಕ್ಕೆ ಮೊದಲು ಮೆಡಿಕಲ್ ಶಾಪಿನಿಂದ ಆ್ಯಂಟಿಬಯೋಟಿಕ್ ತಂದು ಕೊಡಬೇಡಿ, ಕೊಟ್ಟರೆ ಒಳಗಿರುವ ರೋಗಾಣು ಕಲ್ಚರ್‌ನಲ್ಲಿ ಕಾಣದೇ ಹೋಗಬಹುದು. ಚಳಿಜ್ವರ ಬಂದರೆ, ಹೊಲಿಗೆಯ ಜಾಗದಿಂದ ಕೀವು ಸೋರಿದರೆ ಮಾತ್ರ ರಿಪೋರ್ಟಿಗೆ ಕಾಯದೆ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.