ಬೋಳು ಕುತ್ತಿಗೆ ಕೋಳಿ ಮಾರಬೇಡಿ

ಪ್ರಶ್ನೆ: ನಮ್ಮದು ಸಿಂಧನೂರು ತಾಲ್ಲೂಕಿನ ಹಳ್ಳಿ. ಎರಡು ವರ್ಷದ ಹಿಂದೆ 20 ಗಿರಿರಾಜ ಮರಿ ತಂದೆ. ಚೆನ್ನಾಗಿ ಬೆಳೆದವು, ಮೊಟ್ಟೆಯೂ ಇಟ್ಟವು. ಅದೇ ಮೊಟ್ಟೆಗಳನ್ನು ನಾಟಿ ಕೋಳಿ ಕೆಳಗಿಟ್ಟು ಮರಿ ಮಾಡಿಸಿದರೆ ಒಂದೊಂದು ಒಂದೊಂದು ಥರ. ಮೊಟ್ಟೆಯೂ ಕಡಿಮೆ. ಏಪ್ರಿಲ್ ಬಿಸಿಲಿಗೆ ಐದಾರು ಸತ್ತವು. ತಡೆದುಕೊಂಡಿದ್ದು ಬೋಳು ಕುತ್ತಿಗೆಯ ನಾಟಿ ಕೋಳಿಗಳೇ. ಆದರೆ ಅವು ಹದ್ದಿನ ಮರಿ ಥರ ಕಾಣ್ತವೆ, ಮಾರಿಬಿಡಿ ಅಂತಾರೆ ಮನೆಯವರು. ಏನು ಮಾಡಲಿ? ರೋಗ ತಡೆಯುವ ತಳಿ ಸಾಕಿದರೆ ಲಸಿಕೆ ಬೇಡವಾ?

ಉತ್ತರ: ಮಾರಬೇಡಿ. ನಿಮ್ಮ ಊರಿನ ಬಿಸಿಲಿಗೆ ನಿಮ್ಮ ಹಿತ್ತಲಿನಲ್ಲಿರುವ ದೊಡ್ಡ ಆಸ್ತಿಯೇ ಅವು.

ಕೋಳಿ ಬೆವರುವುದಿಲ್ಲ. ಅದರ ಮೈಬಿಸಿ ಮಾಮೂಲಾಗಿಯೇ 41 ಡಿಗ್ರಿ ಆಸುಪಾಸು. ಮಧ್ಯಾಹ್ನ ಬೇವಿನ ಮರದ ಕೆಳಗೆ ರೆಕ್ಕೆ ಅಗಲಿಸಿ, ಕೊಕ್ಕು ತೆರೆದು ಏದುಸಿರು ಬಿಡುತ್ತಾ ಕೂತಿರುತ್ತದಲ್ಲ, ಬಿಸಿ ಹೊರಹಾಕಲು ಆಗ ಅದಕ್ಕಿರುವ ಮುಖ್ಯ ದಾರಿ ಅದು. ಹಾಗೆ ಏದುಸಿರು ಬಿಟ್ಟಷ್ಟೂ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ಮೊಟ್ಟೆಯ ಚಿಪ್ಪು ತೆಳ್ಳಗಾಗುತ್ತದೆ. ಬೇಸಿಗೆಯ ಮೊಟ್ಟೆ ಬುಟ್ಟಿಗೆ ಹಾಕುವಾಗಲೇ ಬಿರುಕು ಬಿಡುವುದು ಇದಕ್ಕೇ.

ಕುತ್ತಿಗೆ ಬೋಳಾಗಲು ಒಂದೇ ಒಂದು ಜೀನ್, ಅಂದರೆ ಗುಣವನ್ನು ಮರಿಗೆ ದಾಟಿಸುವ ವಂಶವಾಹಿ, ಸಾಕು. ತಂದೆ ಅಥವಾ ತಾಯಿಯಿಂದ ಅದರ ಒಂದು ಪ್ರತಿ ಬಂದರೆ ಇಡೀ ಮೈಯ ಪುಕ್ಕ ಸುಮಾರು ಶೇ 20ರಷ್ಟು ಕಡಿಮೆ. ಇಬ್ಬರಿಂದಲೂ ಬಂದರೆ ಶೇ 40ರಷ್ಟು. ನೆರಳಲ್ಲಿ, ಸಂಜೆಯ ಗಾಳಿಯಲ್ಲಿ ಆ ಬರಿ ಚರ್ಮದಿಂದ ಬಿಸಿ ಬೇಗ ಹೊರಟುಹೋಗುತ್ತದೆ. ಪುಕ್ಕ ಅಂದರೆ ಹೆಚ್ಚುಕಡಿಮೆ ಪೂರ್ತಿ ಪ್ರೋಟೀನೇ. ಅಲ್ಲಿ ಉಳಿದದ್ದು ಮಾಂಸಕ್ಕೆ ಒದಗುತ್ತದೆ.

ಒಂದು ಪ್ರತಿಯೋ ಎರಡೋ ಅಂತ ತಿಳಿಯಲು ಲ್ಯಾಬ್ ಬೇಡ. ಕೋಳಿಯನ್ನು ಹಿಡಿದು ಕುತ್ತಿಗೆಯ ಮುಂಭಾಗ, ಮೇವಿನ ಚೀಲದ ಸ್ವಲ್ಪ ಮೇಲೆ ನೋಡಿ. ಅಲ್ಲಿ ಟೈ ಕಟ್ಟಿದ ಹಾಗೆ ಒಂದು ಪುಕ್ಕದ ಕುಚ್ಚು ಇದ್ದರೆ ಒಂದೇ ಪ್ರತಿ. ಕುಚ್ಚೂ ಇಲ್ಲದೆ ನುಣ್ಣಗಿದ್ದರೆ ಎರಡು. ನುಣ್ಣನೆಯ ಹುಂಜ ಸಿಕ್ಕರೆ ಅದನ್ನೇ ಇಟ್ಟುಕೊಳ್ಳಿ. ಮಾಮೂಲಿ ಹೇಂಟೆಗಳ ಜೊತೆ ಬಿಟ್ಟರೂ ಅದರ ಮರಿಗಳೆಲ್ಲ ಬೋಳು ಕುತ್ತಿಗೆಯವೇ ಆಗುತ್ತವೆ. ಕುಚ್ಚಿನ ಹುಂಜವಾದರೆ ಸರಾಸರಿ ಅರ್ಧ ಮಾತ್ರ. ಡಿಸೆಂಬರ್, ಜನವರಿಯ ಚಳಿಯಲ್ಲಿ ಮಾತ್ರ ಮರಿಗಳಿಗೆ ಬಲ್ಬಿನ ಕಾವು ತಪ್ಪಿಸಬೇಡಿ.

ಇನ್ನು ಗಿರಿರಾಜ. ಇದು ಬೆಂಗಳೂರಿನ ಹೆಬ್ಬಾಳದಲ್ಲಿ ಹಲವು ತಳಿ ಸೇರಿಸಿ ಮಾಡಿದ ಕೋಳಿ. ಬೇರೆ ಬೇರೆ ರಕ್ತ ಸೇರಿದಾಗ ಮೊದಲ ಪೀಳಿಗೆಗೆ ಒಂದು ಕಸುವು ಬರುತ್ತದೆ. ಮುಂದಿನ ಪೀಳಿಗೆಯಲ್ಲಿ ಜೀನ್‌ಗಳು ಇಸ್ಪೀಟ್ ಎಲೆ ಕಲಸಿದ ಹಾಗೆ ಮತ್ತೆ ಹಂಚಿಹೋಗುತ್ತವೆ. ಹೈಬ್ರಿಡ್ ಜೋಳದ ಕಾಳನ್ನೇ ಮತ್ತೆ ಬಿತ್ತಿದರೆ ಏನಾಗುತ್ತೆ ಅಂತ ನಿಮಗೆ ಗೊತ್ತು, ಅಲ್ವಾ? ಇಲ್ಲೂ ಅದೇ. ಮೈತೂಕ ಸಾಕಷ್ಟು ಮಟ್ಟಿಗೆ ತಂದೆತಾಯಿಯ ಹಾಗೇ ಬರುತ್ತದೆ, ಹಾಗಾಗಿ ದಪ್ಪ ಹುಂಜ ಆರಿಸಿದರೆ ಫಲ ಕಾಣುತ್ತದೆ. ಮೊಟ್ಟೆಯ ಸಂಖ್ಯೆ ಹಾಗಲ್ಲ. ಅದರ ಮೇಲೆ ಮೇವು, ಬೆಳಕು, ಬಿಸಿಲಿನ ಪ್ರಭಾವವೇ ಜಾಸ್ತಿ. ಜಾಸ್ತಿ ಮೊಟ್ಟೆ ಇಟ್ಟ ಹೇಂಟೆಯ ಮಗಳೂ ಅಷ್ಟೇ ಇಡುತ್ತಾಳೆ ಅನ್ನುವ ಗ್ಯಾರಂಟಿ ಇಲ್ಲ. ಮೊಟ್ಟೆಯೇ ಮುಖ್ಯ ಅನ್ನುವುದಾದರೆ ಪ್ರತಿ ಸಲ ಹೊಸ ಮರಿ ತನ್ನಿ. ನನ್ನನ್ನು ಕೇಳಿದರೆ, ಒಂದು ಗುಂಪು ಗಿರಿರಾಜ, ಇನ್ನೊಂದು ಬೋಳು ಕುತ್ತಿಗೆಯ ನಾಟಿ, ಎರಡನ್ನೂ ಬೇರೆ ಬೇರೆ ಸಾಕುವುದೇ ಸರಿ. ನಾಟಿ ಗುಂಪಿನ ಹುಂಜವನ್ನು ವರ್ಷಕ್ಕೊಮ್ಮೆ ದೂರದ ಊರಿನವರ ಜೊತೆ ಬದಲಾಯಿಸಿಕೊಳ್ಳಿ. ಒಂದೇ ಹುಂಜ ಅದರ ಮಕ್ಕಳು ಮೊಮ್ಮಕ್ಕಳ ಮೇಲೇ ತಿರುಗಿದರೆ ಮೊಟ್ಟೆ ಒಡೆದು ಮರಿಯಾಗುವುದು ಕಡಿಮೆಯಾಗಿ, ಹೊರಬಂದ ಮರಿಗಳೂ ಸೊರಗುತ್ತವೆ.

ರೋಗದ ಮಾತು. ಕೆಲವು ರೋಗಕ್ಕೆ ಜೀನ್ ನಿಜಕ್ಕೂ ಕಾವಲು. ಒಂದು ಕಾಲು ಮುಂದೆ, ಒಂದು ಹಿಂದೆ ಚಾಚಿ ಬೀಳುವ ಮಾರೆಕ್ಸ್ ರೋಗವನ್ನು ರಕ್ತದ ಗುಂಪಿನಲ್ಲಿ ಬಿ-21 ಎಂಬ ಬಗೆ ಇರುವ ಕೋಳಿಗಳು ಚೆನ್ನಾಗಿ ತಡೆಯುತ್ತವೆ. ಆದರೆ ನಮ್ಮ ಹಳ್ಳಿಗಳಲ್ಲಿ ಹಿತ್ತಲು ಖಾಲಿ ಮಾಡುವುದು ಕೊಕ್ಕರೆ ರೋಗ, ಅಂದರೆ ರಾಣಿಖೇತ್. ಅದರ ಮುಂದೆ ‘ನಾಟಿ ಗಟ್ಟಿ’ ಅನ್ನುವ ನಂಬಿಕೆ ನಡೆಯುವುದಿಲ್ಲ. ಮೊದಲ ವಾರದಲ್ಲಿ ಕಣ್ಣಿಗೆ ಲಸೋಟ ಹನಿ, ಎಂಟನೇ ವಾರದ ಹೊತ್ತಿಗೆ ಆರ್ ಟು ಬಿ ಚುಚ್ಚುಮದ್ದು, ತಳಿ ಯಾವುದಾದರೂ ಈ ಎರಡೂ ಲಸಿಕೆ ಬೇಕೇ ಬೇಕು. ಲಸಿಕೆಯನ್ನು ಐಸ್ ಇಲ್ಲದೆ ಜೇಬಲ್ಲಿಟ್ಟು ತಂದರೆ ಸುಮ್ನೆ ನೀರು ಹಾಕಿದ ಹಾಗೆ.

ಪ್ರಶ್ನೆ: ಕುಷ್ಟಗಿಯಿಂದ ಬರೆಯುತ್ತಿದ್ದೇನೆ. 12 ಮರಿಗಳಲ್ಲಿ 9 ಹುಂಜವೇ ಆದವು. ತಪ್ಪು ನಮ್ಮ ಹುಂಜದ್ದಾ?

ಉತ್ತರ: ಪಾಪ, ಅದನ್ನು ಬಿಡಿ. ನಮ್ಮಲ್ಲಿ ಮಗು ಗಂಡೋ ಹೆಣ್ಣೋ ಅನ್ನುವುದು ಗಂಡಸಿನ ಕಡೆಯಿಂದ. ಕೋಳಿಯಲ್ಲಿ ಉಲ್ಟಾ, ಅದು ಹೇಂಟೆಯ ಮೊಟ್ಟೆಯಲ್ಲೇ ತೀರ್ಮಾನವಾಗಿರುತ್ತದೆ. ಹಾಗಂತ ಹೇಂಟೆಯನ್ನೂ ಮಾರಬೇಡಿ. 12ರಲ್ಲಿ 9 ಬರುವುದು ನಾಣ್ಯ ಚಿಮ್ಮಿದಾಗ ಒಂದೇ ಕಡೆ ಬಿದ್ದ ಹಾಗೆ. ಮುಂದಿನ ಕಾವಿಗೆ ಹೇಂಟೆಗಳೇ ಜಾಸ್ತಿ ಬರಬಹುದು.